ಚಿಕ್ಕಪಡಸಲಗಿಯ ಹೊಲದ ಉಪ್ಪು, ಪಿಯುಸಿ ಲ್ಯಾಬಿನ ಪ್ರನಾಳ

ನನ್ನ ತಂಗಿಯ ಗಂಡನಿಗೆ ಬೆಲ್ಲದ ವ್ಯಾಪಾರ. ವರ್ಷಕ್ಕೆ ಎರಡು ಸಲವಾದರೂ ಮಹಾಲಿಂಗಪುರದ ಬೆಲ್ಲದ ಪೇಟೆಗೆ ಹೋಗಿಬರುತ್ತಾನೆ. "ಮೂವತ್ತು ವರ್ಷ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡಿದ್ದೀರಿ, ಒಮ್ಮೆ ನಮ್ಮ ಬೆಲ್ಲದ ಕೆಮಿಸ್ಟ್ರಿಯನ್ನೂ ನೋಡಿ ಮಾರಾಯ್ರೆ" ಎಂದು ಒತ್ತಾಯ ಮಾಡಿದ್ದರಿಂದ ಈ ಸಲ ನಾನೂ ಹೊರಟೆ. ಪಿಯುಸಿ ಪ್ರಾಕ್ಟಿಕಲ್ ಪರೀಕ್ಷೆಗಳು ಮುಗಿದ ಹೊತ್ತು. ರಾತ್ರಿಯಿಡೀ ಬಸ್ಸು, ಬೆಳಿಗ್ಗೆ ಜಮಖಂಡಿ. ಅಲ್ಲಿಂದ ಅವನ ಪರಿಚಯದ ಕಬ್ಬು ಬೆಳೆಗಾರರೊಬ್ಬರ ಮನೆಗೆಂದು ಕೃಷ್ಣಾ ನದಿಯ ದಂಡೆಯ ಚಿಕ್ಕಪಡಸಲಗಿಗೆ ಹೋದೆವು.

ಚಿಕ್ಕಪಡಸಲಗಿ ಅಂದ ಕೂಡಲೇ ಆ ಕಡೆಯವರಿಗೆ ನೆನಪಾಗುವುದು ಬ್ಯಾರೇಜು. ಸರಕಾರ ಕಟ್ಟಿಕೊಡಲಿಲ್ಲವೆಂದು ರೈತರೇ ಹಣ ಹಾಕಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿಕೊಂಡದ್ದು. ಹೆಸರು ಶ್ರಮಬಿಂದು ಸಾಗರ. ಮುಂದೆ ನಿಂತ ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಜನರ ಬಾಯಲ್ಲಿ ಅವರು ಕೊನೆಯವರೆಗೂ 'ಬ್ಯಾರೇಜ್ ಸಿದ್ದು'. 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನಾನು ನೋಡಲು ಹೋದದ್ದು ಆ ಬ್ಯಾರೇಜನ್ನೇ. ಆದರೆ ಹೆಚ್ಚು ಹೊತ್ತು ನೋಡಿದ್ದು ಬೇರೆಯದನ್ನು.

ಆ ರೈತರ ಹೊಲದ ಒಂದು ಮೂಲೆಯಲ್ಲಿ ಕಬ್ಬು ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿತ್ತು. ಸಾಲುಗಳ ನಡುವೆ ಕಪ್ಪು ಮಣ್ಣಿನ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ.

"ಬ್ಯಾರೇಜ್ ಆಗೂ ಮುಂದ ಇಲ್ಲಿ ಜೋಳಾ ಬೆಳಿತಿದ್ವಿ ಸರ್. ನೀರ ಬಂತು, ಕಬ್ಬು ಬಂತು, ರೊಕ್ಕಾನೂ ಬಂತು. ಈಗ ಸವಳ ಬಂದೈತಿ" ಅಂದರು ಅವರು.

ಸವಳು-ಜವಳು ಕೃಷ್ಣಾ, ಘಟಪ್ರಭಾ ಸೀಮೆಯ ಮನೆಮಾತು. ಜವಳು ಎಂದರೆ ನೀರು ನಿಂತು ಜೌಗಾದ ನೆಲ, ಸವಳು ಎಂದರೆ ಉಪ್ಪೇರಿದ ನೆಲ. ಕರಿ ಎರೆ ಮಣ್ಣಿನಲ್ಲಿ ನೀರು ಸುಲಭವಾಗಿ ಇಳಿಯುವುದಿಲ್ಲ. ವರ್ಷವಿಡೀ ಕಬ್ಬಿಗೆ ನೀರು ಹಾಯಿಸಿದರೆ ನೆಲದೊಳಗಿನ ನೀರು ಮೇಲೇರುತ್ತದೆ, ಬರುವಾಗ ಅಡಿಯ ಉಪ್ಪನ್ನೂ ಕರಗಿಸಿ ತರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ನಮ್ಮ ಕಡೆ ಒಣಮೀನಿನ ಮೇಲೆ ಉಪ್ಪು ಬಿಳಿಯಾಗಿ ಮೂಡಿರುತ್ತದಲ್ಲ, ಹಾಗೆಯೇ.

ಪಕ್ಕದ ಹೊಲದವರು ಜಿಪ್ಸಂ ಹಾಕಿದ್ದಾರಂತೆ. ಇವರೂ ಎರಡು ಟ್ರೇಲರ್ ಜಿಪ್ಸಂಗೆ ಮುಂಗಡ ಕೊಡಲು ಹೊರಟಿದ್ದರು. ತಡೆದವಳು ಮಗಳು. ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದ ಹುಡುಗಿ. "ಅಪ್ಪಾ, ಯಾವ ಉಪ್ಪು ಅಂತ ನೋಡೂ ಮಟಾ ರೊಕ್ಕಾ ಕೊಡಬ್ಯಾಡ" ಅಂದಳಂತೆ.

ಪಿಯುಸಿ ಮಕ್ಕಳಿರುವ ಮನೆಗಳಿಗೆ 'ಸಾಲ್ಟ್ ಅನಾಲಿಸಿಸ್' ಎಂಬ ಮಾತು ಹೊಸದಲ್ಲ. ಬಿಳಿ ಪುಡಿಯೊಂದನ್ನು ಪೊಟ್ಟಣದಲ್ಲಿ ಕೊಡುತ್ತಾರೆ. ಅದರೊಳಗಿನ ಒಂದು ಧನ ಅಯಾನು, ಒಂದು ಋಣ ಅಯಾನು ಯಾವುದೆಂದು ಮಕ್ಕಳು ಕಂಡುಹಿಡಿಯಬೇಕು. ಉಪ್ಪು ಎಂದರೆ ಅಡುಗೆಯ ಉಪ್ಪು ಮಾತ್ರವಲ್ಲ. ಮೈಲುತುತ್ತ, ಪಟಿಕ, ವಾಷಿಂಗ್ ಸೋಡಾ, ಗೊಬ್ಬರದ ಅಮೋನಿಯಂ ಸಲ್ಫೇಟ್ ಎಲ್ಲವೂ ಉಪ್ಪುಗಳೇ. ನೀರಿಗೆ ಹಾಕಿದಾಗ ಅವು ವಿದ್ಯುದಾವೇಶವಿರುವ ಎರಡು ತುಂಡುಗಳಾಗಿ ಬಿಡಿಬಿಡಿಯಾಗುತ್ತವೆ. ಅವೇ ಅಯಾನುಗಳು. ಕಣ್ಣಿಗೆ ಕಾಣದ ಈ ತುಂಡುಗಳನ್ನು ಬಣ್ಣದಿಂದ, ವಾಸನೆಯಿಂದ, ತಳದಲ್ಲಿ ಕೂರುವ ಗಷ್ಟಿನಿಂದ ಗುರುತಿಸುವುದೇ ಪರೀಕ್ಷೆ. ದುರದೃಷ್ಟಕ್ಕೆ ನಮ್ಮ ಹೆಚ್ಚಿನ ಮಕ್ಕಳು ಇದನ್ನು ಒಂದು ಕೋಷ್ಟಕವಾಗಿ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಸಂಜೆ ಮರೆಯುತ್ತಾರೆ. ಮೂವತ್ತು ವರ್ಷ ಹಾಗೆ ಮರೆಯುವವರನ್ನು ತಯಾರು ಮಾಡಿದವನು ನಾನೂ ಒಬ್ಬ.

ಹುಡುಗಿ ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಹೊಲದ ಮಣ್ಣು ಒಂದು ಚಮಚ ಪ್ರನಾಳಕ್ಕೆ ಹಾಕಿ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟಳು. ಬುಸುಬುಸು ನೊರೆ ಎದ್ದಿತು. ಹೊರಬಂದ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದಳು, ನೀರು ಹಾಲಿನಂತಾಯಿತು. ಇಂಗಾಲದ ಡೈಆಕ್ಸೈಡ್. ಹಾಗಾದರೆ ಮಣ್ಣಿನಲ್ಲಿ ಕಾರ್ಬೊನೇಟ್ ಇದೆ. ಸೋಡಿಯಂ ಕಾರ್ಬೊನೇಟ್ ಇದ್ದರೆ ಅದು ಕ್ಷಾರ ಮಣ್ಣು. ಕ್ಷಾರ ಮಣ್ಣಿಗೆ ಔಷಧ ಜಿಪ್ಸಂ. ಅಪ್ಪ ಹೇಳಿದ್ದೇ ಸರಿ!

ಅವಳ ಪುಸ್ತಕದಲ್ಲಿ ಈ ಉತ್ತರಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು. ಹೊಲದಲ್ಲಿ ಮಾತ್ರ ಇದು ತಪ್ಪು ಉತ್ತರ. ಅದನ್ನು ಹೇಳಿದವರು ಅವಳ ಕಾಲೇಜಿನ ಉಪನ್ಯಾಸಕಿ. "ನಿಮ್ಮ ಮಣ್ಣಾಗ ಸಣ್ಣ ಸಣ್ಣ ಬಿಳಿ ಹರಳು ಇರ್ತಾವಲ್ಲ, ಅವು ಏನು?" ಎಂದು ಕೇಳಿದರಂತೆ. ಬಾಗಲಕೋಟೆ, ಲೋಕಾಪುರದ ಕಡೆ ಸುಣ್ಣದ ಕಲ್ಲಿನ ನೆಲ. ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಅದಕ್ಕೆ. ಎರೆ ಮಣ್ಣಿನಲ್ಲಿಯೂ ಸುಣ್ಣದ ಹರಳು ಬೆರೆತೇ ಇರುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಬಿದ್ದರೆ ಅದೂ ನೊರೆಯುತ್ತದೆ. ಆದರೆ ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಬೆಳೆಯನ್ನು ಹೀಗೆ ಕೊಲ್ಲುವ ಉಪ್ಪು ಅದಲ್ಲ. ಆಮ್ಲದ ನೊರೆ ಕಾರ್ಬೊನೇಟ್ ಇದೆ ಎನ್ನುತ್ತದೆ, ಅದು ಯಾರ ಜೊತೆಗಿರುವ ಕಾರ್ಬೊನೇಟ್ ಎನ್ನುವುದಿಲ್ಲ.

ಹಾಗಾಗಿ ಮಣ್ಣನ್ನಲ್ಲ, ಮಣ್ಣು ತೊಳೆದ ನೀರನ್ನು ಪರೀಕ್ಷಿಸಬೇಕು. ಒಂದು ಪಾಲು ಮಣ್ಣಿಗೆ ಎರಡು ಪಾಲು ಬಟ್ಟಿ ಇಳಿಸಿದ ನೀರು, ಚೆನ್ನಾಗಿ ಕಲಕಿ ಇಡಬೇಕು. ಇಲ್ಲಿಯೇ ಒಂದು ಸೂಚನೆ ಸಿಕ್ಕಿತು. ಮಣ್ಣು ಬೇಗನೆ ತಳಕ್ಕಿಳಿದು ಮೇಲೆ ನೀರು ತಿಳಿಯಾಯಿತು. ಬರೀ ಉಪ್ಪೇರಿದ ಮಣ್ಣು ಹೀಗೆಯೇ, ಕಣಗಳು ಒಂದಕ್ಕೊಂದು ಅಂಟಿ ಕೆಳಗೆ ಕೂರುತ್ತವೆ. ಸೋಡಿಯಂ ಹಿಡಿದ ಕ್ಷಾರ ಮಣ್ಣಾಗಿದ್ದರೆ ಕಣಗಳು ಚದುರಿ, ನೀರು ಮರುದಿನವೂ ಬಗ್ಗಡವಾಗಿಯೇ ಇರುತ್ತಿತ್ತು. ಲ್ಯಾಬೂ ಬೇಡ, ಗಾಜಿನ ಲೋಟ ಸಾಕು ಇದಕ್ಕೆ.

ತಿಳಿನೀರನ್ನು ಸೋಸಿ ನಾಲ್ಕೈದು ಪ್ರನಾಳಗಳಿಗೆ ಹಂಚಿದಳು. ಒಂದಕ್ಕೆ ಆಮ್ಲ: ನೊರೆ ಇಲ್ಲ. ಇನ್ನೊಂದಕ್ಕೆ ಫಿನಾಲ್ಫ್ತಲೀನ್ ಎರಡು ಹನಿ: ಕಾರ್ಬೊನೇಟ್ ಇದ್ದಿದ್ದರೆ ಗುಲಾಬಿ ಬಣ್ಣ ಬರಬೇಕಿತ್ತು, ಬರಲಿಲ್ಲ. ಮೂರನೆಯದಕ್ಕೆ ನೈಟ್ರಿಕ್ ಆಮ್ಲ, ಮೇಲೆ ಸಿಲ್ವರ್ ನೈಟ್ರೇಟ್: ಮೊಸರು ಒಡೆದಂತೆ ದಪ್ಪ ಬಿಳಿ ಗಷ್ಟು, ಅಮೋನಿಯಾ ದ್ರಾವಣ ಹಾಕಿದಾಗ ಕರಗಿಹೋಯಿತು. ಇದು ಕ್ಲೋರೈಡ್. ನಾಲ್ಕನೆಯದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ, ಮೇಲೆ ಬೇರಿಯಂ ಕ್ಲೋರೈಡ್: ನುಣ್ಣನೆಯ ಬಿಳಿ ಗಷ್ಟು, ಆಮ್ಲಕ್ಕೂ ಕರಗಲಿಲ್ಲ. ಇದು ಸಲ್ಫೇಟ್. ಕೊನೆಗೆ ಪ್ಲಾಟಿನಂ ತಂತಿಯನ್ನು ಅದ್ದಿ ಬರ್ನರಿನ ಜ್ವಾಲೆಗೆ ಹಿಡಿದಾಗ ಬಂಗಾರದ ಹಳದಿ: ಸೋಡಿಯಂ.

ಮೊದಲು ಆಮ್ಲ ಯಾಕೆ ಎಂದು ಅವಳನ್ನು ಕೇಳಿದೆ. ಹಳೆಯ ಚಾಳಿ ಬಿಡುತ್ತದೆಯೇ! "ಕಾರ್ಬೊನೇಟೂ ಸಿಲ್ವರ್ ಕೂಡ ಬೆಳ್ಳಗ ಕೂಡ್ತೈತ್ರಿ ಸರ್. ಆಮ್ಲ ಹಾಕಿದ್ರ ಅದು ಗಾಳಿಯಾಗಿ ಹೋಗ್ತೈತಿ, ಆಮ್ಯಾಲ ಕ್ಲೋರೈಡ್ ಒಂದ ಉಳಿತೈತಿ" ಅಂದಳು. ಹಾಗಾದರೆ ಅಲ್ಲಿಯೂ ಹೈಡ್ರೋಕ್ಲೋರಿಕ್ ಆಮ್ಲವನ್ನೇ ಹಾಕಬಹುದಲ್ಲ? ಅವಳು ನಕ್ಕಳು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿಯೇ ಕ್ಲೋರೈಡ್ ಇದೆ. ಹುಡುಕುವ ವಸ್ತುವನ್ನು ನಾವೇ ಹಾಕಿ ಸಿಕ್ಕಿತು ಅಂದ ಹಾಗೆ.

ಅವಳು ನಕ್ಕದ್ದು ನನಗೆ ತಾಗಿತು. ನಾನು ವಿದ್ಯಾರ್ಥಿಯಾಗಿದ್ದಾಗ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಇದೇ ತಪ್ಪು ಮಾಡಿದ್ದೆ. ಕೊಟ್ಟ ಉಪ್ಪು ನೈಟ್ರೇಟ್. ನಾನು ಬರೆದದ್ದು ಕ್ಲೋರೈಡ್. ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಬಂದದ್ದು ನಿಜವೇ, ಅಲ್ಲಾ ಸಾಕ್ಷಿ. ಆದರೆ ಪ್ರನಾಳವನ್ನು ನಾನು ನಳ್ಳಿ ನೀರಿನಲ್ಲಿ ತೊಳೆದು ಹಾಗೆಯೇ ಬಳಸಿದ್ದೆ. ನಳ್ಳಿ ನೀರಿನಲ್ಲಿದ್ದ ಕ್ಲೋರೈಡ್ ನನ್ನ ಅಂಕ ತಿಂದಿತು. ಬರೀ ನೀರಿನ ಮೇಲೆಯೇ ಒಮ್ಮೆ ಪರೀಕ್ಷೆ ಮಾಡಿ ನೋಡಿದ್ದರೆ ಗೊತ್ತಾಗುತ್ತಿತ್ತು. ಇದಕ್ಕೆ 'ಬ್ಲಾಂಕ್' ಎನ್ನುತ್ತಾರೆ. ಪಾಠ ಮಾಡಿದ ಅಷ್ಟೂ ವರ್ಷ ಈ ಒಂದು ವಿಷಯವನ್ನು ಮಾತ್ರ ನಾನು ಬೈದು ಕಲಿಸಿದ್ದೇನೆ.

ಅಂತೂ ಲೆಕ್ಕ ಹೀಗೆ ಬಂತು: ಹೊಲದಲ್ಲಿರುವುದು ಹೆಚ್ಚಾಗಿ ಸೋಡಿಯಮ್ಮಿನ ಕ್ಲೋರೈಡ್ ಮತ್ತು ಸಲ್ಫೇಟ್. ಅದು ಕ್ಷಾರ ಮಣ್ಣಲ್ಲ, ಉಪ್ಪು ಮಣ್ಣು. ಲ್ಯಾಬಿನ ಪ್ರನಾಳ 'ಇದೆ' ಎನ್ನುತ್ತದೆಯೇ ಹೊರತು 'ಎಷ್ಟು' ಎನ್ನುವುದಿಲ್ಲ. ಅದಕ್ಕೆ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳಿಸಿದರು. ವರದಿಯಲ್ಲಿ ಪಿಎಚ್ 8.5ರ ಕೆಳಗೇ ಇತ್ತು. ವಿದ್ಯುತ್ ವಾಹಕತೆ ಮಾತ್ರ ಮೀಟರಿಗೆ 4 ಡೆಸಿಸೀಮೆನ್ಸ್ ಎಂಬ ಗೆರೆಯನ್ನು ದಾಟಿತ್ತು. ಈ ಎರಡು ಗೆರೆಗಳನ್ನು ಇಟ್ಟುಕೊಂಡೇ ಮಣ್ಣಿನವರು ಉಪ್ಪು ಮಣ್ಣು, ಕ್ಷಾರ ಮಣ್ಣು ಎಂದು ಬೇರೆ ಮಾಡುವುದು.

ಹೆಸರು ಬೇರೆಯಾದರೆ ಮದ್ದೂ ಬೇರೆ. ಕ್ಷಾರ ಮಣ್ಣಿನಲ್ಲಿ ಸೋಡಿಯಂ ಜೇಡಿಯ ಕಣಗಳಿಗೆ ಕಚ್ಚಿಕೊಂಡಿರುತ್ತದೆ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರ ಕ್ಯಾಲ್ಸಿಯಂ ಹೋಗಿ ಸೋಡಿಯಮ್ಮನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂರುತ್ತದೆ, ಎದ್ದ ಸೋಡಿಯಂ ಸಲ್ಫೇಟಾಗಿ ನೀರಿನ ಜೊತೆ ಹೋಗುತ್ತದೆ. ಉಪ್ಪು ಮಣ್ಣಿನಲ್ಲಿ ಹಾಗೆ ಎಬ್ಬಿಸಬೇಕಾದದ್ದೇನಿಲ್ಲ, ಉಪ್ಪು ಈಗಾಗಲೇ ಬಿಡಿಯಾಗಿ ಕರಗಿದೆ. ಒಳ್ಳೆಯ ನೀರು ಕೊಟ್ಟು ತೊಳೆದು, ತೊಳೆದ ನೀರು ಹೊರಗೆ ಹರಿದುಹೋಗಲು ದಾರಿ ಮಾಡಬೇಕು. ಬಸಿಗಾಲುವೆ ತೋಡಬೇಕು, ಇಲ್ಲವೇ ನೆಲದಡಿ ತೂತಿನ ಪೈಪ್ ಹೂಳಬೇಕು. ದಾರಿಯಿಲ್ಲದೆ ಎಷ್ಟು ಟ್ರೇಲರ್ ಜಿಪ್ಸಂ ಸುರಿದರೂ ಇದ್ದ ಉಪ್ಪಿನ ಮೇಲೆ ಇನ್ನೊಂದು ಉಪ್ಪು ಬಿದ್ದಂತೆ ಅಷ್ಟೇ.

ತೊಡಕು ಇರುವುದು ರಸಾಯನಶಾಸ್ತ್ರದಲ್ಲಲ್ಲ. ಬಸಿಗಾಲುವೆ ಹಳ್ಳ ಸೇರಬೇಕಾದರೆ ಮೂರು ಜನರ ಹೊಲ ದಾಟಬೇಕು. "ಜಿಪ್ಸಂ ಆಗಿದ್ರ ರೊಕ್ಕಾ ಕೊಟ್ಟು ತರಬಹುದಿತ್ರಿ. ಇದಕ್ಕ ಮಂದಿ ಕೈಕಾಲು ಹಿಡೀಬೇಕು" ಎಂದು ಅಪ್ಪ ಗೊಣಗಿದರು. ನಾಲ್ಕು ಊರಿನವರು ಕೂಡಿ ನದಿಗೆ ಬ್ಯಾರೇಜ್ ಕಟ್ಟಿದ ನೆಲ ಇದು, ನಾಲ್ಕು ಹೊಲದವರು ಕೂಡಿ ಒಂದು ಕಾಲುವೆ ತೋಡಲಾರರೇ ಎಂದು ನಾಲಿಗೆ ತುದಿಗೆ ಬಂದಿತ್ತು. ಅತಿಥಿಯಾಗಿ ಹೋದವನು ಆಡುವ ಮಾತಲ್ಲವೆಂದು ಸುಮ್ಮನಾದೆ.

ಹೊಲದಿಂದ ಬರುವಾಗ ಅವರು ಗೊಬ್ಬರದ ಚೀಲದಿಂದ ನಾಲ್ಕು ಕಾಳು ಡಿಎಪಿ ಅಂಗೈಗೆ ಹಾಕಿಕೊಂಡು, ಅಂಗಿಯ ಜೇಬಿನ ಸುಣ್ಣದ ಡಬ್ಬಿಯಿಂದ ಚೂರು ಸುಣ್ಣ ತೆಗೆದು, ತಂಬಾಕು ತಿಕ್ಕುವಂತೆ ಹೆಬ್ಬೆರಳಿನಿಂದ ತಿಕ್ಕಿ ನನ್ನ ಮೂಗಿನ ಹತ್ತಿರ ಹಿಡಿದರು. ಕಣ್ಣಲ್ಲಿ ನೀರು ಬರುವಷ್ಟು ಘಾಟು. "ಅಸಲಿ ಐತಿ" ಅಂದರು. ಅಮೋನಿಯಂ ಅಯಾನನ್ನು ಗುರುತಿಸಲು ನಾವು ಲ್ಯಾಬಿನಲ್ಲಿ ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡುತ್ತೇವೆ, ಒದ್ದೆಯಾದ ಕೆಂಪು ಲಿಟ್ಮಸ್ ನೀಲಿಯಾಗುವುದನ್ನು ನೋಡುತ್ತೇವೆ. ಇವರು ಅದೇ ಪರೀಕ್ಷೆಯನ್ನು ಅಂಗೈಯಲ್ಲಿ ಮುಗಿಸಿದ್ದರು. ಯೂರಿಯಾಕ್ಕೆ ಹೀಗೆ ಕೂಡಲೇ ಘಾಟು ಬರುವುದಿಲ್ಲ, ಅದರಲ್ಲಿ ಅಮೋನಿಯಂ ಅಯಾನು ಇಲ್ಲ.

ಇನ್ನು ಬೆಲ್ಲ. ಮಹಾಲಿಂಗಪುರದ ಪೇಟೆಯಲ್ಲಿ ನನ್ನ ಭಾವ ಕೆಂಪು ಬೆಲ್ಲವನ್ನು ನೋಡುವುದೇ ಇಲ್ಲ. "ನಮ್ಮ ಕಡೆ ಯಾರೂ ತೆಗೊಳ್ಳುವುದಿಲ್ಲ. ಹಳದಿ ಬೇಕು, ಹೊಳಪು ಬೇಕು" ಎನ್ನುತ್ತಾನೆ. ಮನೆಯಲ್ಲಿ ಉಮ್ಮ ಮಣ್ಣಿ ಮಾಡುವಾಗಲೂ ಬೆಲ್ಲ ಕಪ್ಪಾಗಿದ್ದರೆ ಮುಖ ಸಿಂಡರಿಸುತ್ತಿದ್ದರು, ಸುಳ್ಳು ಯಾಕೆ ಹೇಳಲಿ. ಕಬ್ಬಿನ ಹಾಲು ಕುದಿದರೆ ಸಹಜವಾಗಿ ಬರುವುದು ಕಂದು ಬಣ್ಣ. ಹಳದಿ ತರಿಸಲು ಕೆಲವರು ಹಾಕುವ ಪುಡಿಗೆ ಗಾಣದಲ್ಲಿ 'ಹೈಡ್ರೋಸ್' ಎನ್ನುತ್ತಾರೆ, ಸೋಡಿಯಂ ಹೈಡ್ರೋಸಲ್ಫೈಟ್. ಅದರಿಂದ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ. ನಮ್ಮ ಆಹಾರ ಕಾನೂನು ಬೆಲ್ಲದಲ್ಲಿ ಅದಕ್ಕೆ ಹಾಕಿದ ಮಿತಿ ಹತ್ತು ಲಕ್ಷಕ್ಕೆ 70 ಪಾಲು. ಉಬ್ಬಸ ಇರುವವರಿಗೆ ಈ ಅನಿಲ ಆಗಿಬರುವುದಿಲ್ಲ.

ಇದಕ್ಕೂ ಪಿಯುಸಿ ಪುಸ್ತಕದಲ್ಲಿ ಪರೀಕ್ಷೆ ಇದೆ. ಆಮ್ಲ ಸೇರಿಸಿದ ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಅದ್ದಿದ ಕಾಗದ ಕಿತ್ತಳೆ ಬಣ್ಣ. ಗಂಧಕದ ಡೈಆಕ್ಸೈಡ್ ತಾಗಿದರೆ ಹಸಿರಾಗುತ್ತದೆ. ಬೆಲ್ಲದ ನೀರಿಗೆ ಆಮ್ಲ ಹಾಕಿ, ಮೇಲೆ ಏಳುವ ಗಾಳಿಗೆ ಕಾಗದ ಹಿಡಿಯಬೇಕು. ಕಾಗದವನ್ನು ಬೆಲ್ಲದ ನೀರಿಗೇ ಅದ್ದಬಾರದು. ಸಕ್ಕರೆಯೂ ಡೈಕ್ರೋಮೇಟನ್ನು ಹಸಿರು ಮಾಡಬಲ್ಲದು, ಪಾಪ ಒಳ್ಳೆಯ ಬೆಲ್ಲದ ಮೇಲೆ ಅಪವಾದ ಬರುತ್ತದೆ. 70 ಪಾಲಿನ ಆಸುಪಾಸಿನ ಸಣ್ಣ ಪ್ರಮಾಣವನ್ನು ಈ ಕಾಗದ ಹೇಳುವುದೂ ಇಲ್ಲ, ಅದಕ್ಕೆ ಆಹಾರ ಪ್ರಯೋಗಾಲಯವೇ ಬೇಕು. ಇನ್ನೊಂದು ಮಾತು. ಬೆಲ್ಲದ ನೀರಿಗೆ ಆಮ್ಲ ಹಾಕಿದಾಗ ಜೋರಾಗಿ ನೊರೆ ಬಂದರೆ ವಾಷಿಂಗ್ ಸೋಡಾ ಬೆರೆತಿರುವ ಸೂಚನೆ. ಆದರೆ ಗಾಣದಲ್ಲಿ ಕಬ್ಬಿನ ಹಾಲಿಗೆ ಚೂರು ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಕಸ ತೆಗೆಯುವುದು ಹಿಂದಿನಿಂದ ಬಂದ ಪದ್ಧತಿ, ಅದು ಕಲಬೆರಕೆಯಲ್ಲ. ಭಾವನಿಗೆ ಇಷ್ಟೂ ಹೇಳಿದೆ. ಆ ದಿನ ಅವನು ಹತ್ತು ಪೆಂಟೆ ಕೆಂಪು ಬೆಲ್ಲ ಹೆಚ್ಚಿಗೆ ಕೊಂಡ, ಮಾರಾಟವಾಗದಿದ್ದರೆ ನನ್ನ ಮನೆಗೇ ತಂದು ಹಾಕುತ್ತೇನೆಂಬ ಷರತ್ತಿನ ಮೇಲೆ.

ಕ್ಷಾರ ಅನ್ನುವುದಕ್ಕೆ ಇಂಗ್ಲಿಷಿನವರು ಹೇಳುವ 'ಅಲ್ಕಲಿ' ಅರಬಿಯ 'ಅಲ್-ಕಲಿ'ಯಿಂದ ಹೋದದ್ದು. ಉಪ್ಪು ನೆಲದಲ್ಲಿ ಬೆಳೆಯುವ ಗಿಡಗಳನ್ನು ಸುಟ್ಟು ತೆಗೆದ ಬೂದಿಗೆ ಆ ಹೆಸರು. ಸಾಬೂನಿಗೂ ಗಾಜಿಗೂ ಅದೇ ಬೂದಿ. ನಮ್ಮ ಅಗಸರು ಬಟ್ಟೆ ಒಗೆಯುತ್ತಿದ್ದ ಚೌಳು ಮಣ್ಣಿನಲ್ಲಿದ್ದದ್ದೂ ಅಂಥದ್ದೇ ಸೋಡಿಯಂ ಕಾರ್ಬೊನೇಟ್. ಕ್ಷಾರವನ್ನು ಗುರುತಿಸುವ ಕಾಗದ ನಮ್ಮ ಮನೆಯಲ್ಲಿಯೇ ಇದೆ. ಬಿಳಿ ಅಂಗಿಗೆ ಮೀನುಸಾರಿನ ಕಲೆ ಬಿದ್ದು, ಅದಕ್ಕೆ ಸಾಬೂನು ತಿಕ್ಕಿದ ಕೂಡಲೇ ಹಳದಿ ಕಲೆ ಕೆಂಪಾಗುವುದನ್ನು ಯಾವ ಮನೆಯ ಹೆಂಗಸು ನೋಡಿಲ್ಲ? ಅರಿಶಿನ ಕ್ಷಾರವನ್ನು ಹೇಳುವ ರೀತಿ ಅದು. ಅರಿಶಿನದ ನೀರಿನಲ್ಲಿ ಕಾಗದ ಅದ್ದಿ ಒಣಗಿಸಿಟ್ಟುಕೊಂಡರೆ ಮಕ್ಕಳಿಗೆ ರಜೆಯಲ್ಲಿ ಆಟವಾಗುತ್ತದೆ. ಮರುವಾಯಿ ಚಿಪ್ಪು ಸುಟ್ಟ ಸುಣ್ಣವನ್ನು ನೀರಿನಲ್ಲಿ ಕಲಸಿ, ಮರುದಿನ ಮೇಲಿನ ತಿಳಿಯನ್ನು ಬೇರೆ ಲೋಟಕ್ಕೆ ಬಗ್ಗಿಸಿ, ದೊಡ್ಡವರ ಎದುರಿನಲ್ಲಿ ಸ್ಟ್ರಾದಿಂದ ಊದಿಸಿ. ನಮ್ಮ ಉಸಿರಿಗೇ ನೀರು ಹಾಲಾಗುತ್ತದೆ. ಬಿಡದೆ ಊದುತ್ತಲೇ ಇದ್ದರೆ ಪುನಃ ತಿಳಿಯಾಗುತ್ತದೆ, ಕಾರ್ಬೊನೇಟ್ ಬೈಕಾರ್ಬೊನೇಟಾಗಿ ಕರಗುವುದರಿಂದ. ಊದಬೇಕು, ಹೀರಬಾರದು, ಸುಣ್ಣದ ನೀರು ಬಾಯಿ ಸುಡುತ್ತದೆ.

ಮನೆಯಲ್ಲಿ ಮಾಡಲೇಬಾರದ ಒಂದು ಪ್ರಯೋಗವನ್ನು ಕೂಡ ಹೇಳಿಬಿಡುತ್ತೇನೆ. ಹಬ್ಬದ ಮೊದಲು ಪಾಯಿಖಾನೆ ಬೆಳ್ಳಗಾಗಲೆಂದು ಕೆಲವರು ಬ್ಲೀಚಿಂಗ್ ಪೌಡರ್ ಹಾಕಿ ಅದರ ಮೇಲೆಯೇ ಟಾಯ್ಲೆಟ್ ಆಸಿಡ್ ಸುರಿಯುತ್ತಾರೆ. ಹೊರಬರುವುದು ಕ್ಲೋರಿನ್. ಲ್ಯಾಬಿನಲ್ಲಿ ಒದ್ದೆ ಲಿಟ್ಮಸ್ಸಿನ ಬಣ್ಣವನ್ನು ಪೂರ್ತಿ ಬಿಳಿ ಮಾಡುವ ಅನಿಲ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಮೊದಲು ತಾಗುವುದು ಶ್ವಾಸಕೋಶಕ್ಕೆ. ಒಂದು ದಿನ ಒಂದನ್ನು ಮಾತ್ರ ಬಳಸಿ, ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಇನ್ನೊಂದು ಇನ್ನೊಂದು ದಿನಕ್ಕಾಯಿತು.

ಹೊರಡುವ ಹೊತ್ತಿಗೆ ಹುಡುಗಿ ನಮ್ಮ ಊರಿನ ನೀರಿನ ಬಗ್ಗೆ ಕೇಳಿದಳು. ನದಿ ಸಮುದ್ರ ಸೇರುವ ಕಡೆಗಳಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಬಾವಿ ನೀರು ಸಪ್ಪೆ ಹೋಗಿ ಉಪ್ಪಾಗುತ್ತದೆ, ಸಮುದ್ರದ ನೀರು ಒಳಗೆ ಹತ್ತುತ್ತದೆ ಎಂದೆ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ ನಡೆಯುತ್ತದೆ ಎಂಬುದು ಭಾರತೀಯ ಮಾನಕ. "ಹಂಗಾದ್ರ ನಿಮ್ಮ ಬಾಂವಿ ನೀರು ಒಂದ ಬಾಟ್ಲಿ ಕಳಿಸ್ರಿ ಸರ್, ನಮ್ಮ ಮೇಡಂ ಕೇಳಿ ನೋಡ್ತೀನಿ" ಅಂದಳು. ನಾನು ಮಾತಿಗೆ ಹೂಂ ಅಂದಿದ್ದೆ. ಏಪ್ರಿಲ್ ಕೊನೆಗೆ ಭಾವ ಪುನಃ ಆ ಕಡೆ ಹೋಗುವಾಗ ನೆನಪಿಸಿದ. ಬಾಟಲಿಯನ್ನು ಅದೇ ಬಾವಿಯ ನೀರಿನಲ್ಲಿ ಮೂರು ಸಲ ತೊಳೆದು, ತುಂಬಿಸಿ ಕೊಟ್ಟೆ.

ಒಂದು ವಾರದ ನಂತರ ಫೋನ್ ಬಂತು. "ಸರ್, ನಿಮ್ಮ ನೀರಾಗ ಕ್ಲೋರೈಡ್ ಐತ್ರಿ, ಮಸರಿನಂಗ ಗಟ್ಟಿ ಕೂತಿಲ್ಲ, ಬರೇ ಹಾಲಿನಂಗ ಆತು. ನಮ್ಮ ಹೊಲದಷ್ಟಿಲ್ಲ. ಎಷ್ಟೈತಿ ಅಂತ ನೀವ ಅಲ್ಲಿ ಅಳಿಸ್ಕೋರಿ." ಕಾಲುವೆಯ ವಿಷಯ ಕೇಳಿದೆ. ಇಬ್ಬರು ಒಪ್ಪಿದ್ದಾರಂತೆ, ಮೂರನೆಯವರು ಮಳೆಗಾಲ ಮುಗಿಯಲಿ ಅಂದಿದ್ದಾರಂತೆ. ಫೋನ್ ಇಡುವ ಮೊದಲು ಅವಳೇ ಹೇಳಿದಳು: "ಬ್ಲಾಂಕೂ ಮಾಡೇನ್ರಿ ಸರ್. ಬಟ್ಟಿ ನೀರಾಗ ಏನೂ ಬಂದಿಲ್ಲ."